ಐದನೇ ಕೋಣೆಯ ಕೊಕ್ಕರೆ

ಮೂಗು ಸೀಟಿಕೊಂಡ ಆ ಏಳು ಸೆಕೆಂಡು ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಕಂದು ಕೋಟಿನ ಮುದುಕ ಚಿತ್ರದ ಎದುರೇ ನಿಂತು ಕರವಸ್ತ್ರ ತೆಗೆದದ್ದು ನಿಜ. ಕಣ್ಣು ಮುಚ್ಚಿದ್ದೂ ನಿಜ. ಆದರೆ ಮೂಗು ಸೀಟುವಾಗ ಯಾರ ಕಣ್ಣು ತಾನೇ ತೆರೆದಿರುತ್ತದೆ? ಅದಕ್ಕೂ ಮೊದಲು ಹನ್ನೊಂದು ಸೆಕೆಂಡು ಅವನು ಚಿತ್ರದ ಕಡೆಗೆ ಮುಖ ಮಾಡಿದ್ದ. ನೋಡುತ್ತಿದ್ದನೋ, ಸೀನು ಬರಲಿ ಎಂದು ಕಾಯುತ್ತಿದ್ದನೋ ದೇವರಿಗೇ ಗೊತ್ತು. ಹನ್ನೊಂದು ಬರೆಯಬೇಕೋ, ಹದಿನೆಂಟು ಬರೆಯಬೇಕೋ? ಅಷ್ಟಕ್ಕೂ ನೋಡುವುದು ಎಂದರೇನು?

ಈ ಕೊನೆಯ ಪ್ರಶ್ನೆಗೆ ಬಂದಾಗಲೆಲ್ಲ ವೆಸೆಲಿನ್‌ನ ಪೆನ್ಸಿಲು ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಇನ್ನಿಬ್ಬರು ಕೋಣೆ ದಾಟಿ ಹೋಗಿರುತ್ತಿದ್ದರು.

ಡ್ಯಾನ್ಯೂಬ್ ದಂಡೆಯ ನಮ್ಮ ಊರಿನ ಚಿತ್ರಶಾಲೆಗೆ ಹೊಸ ವರ್ಷದ ಹೊತ್ತಿಗೆ ರಾಜಧಾನಿ ಸೋಫಿಯಾದ ಸಂಸ್ಕೃತಿ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಜನ ಪ್ರತಿ ಕೋಣೆಯಲ್ಲಿ ಸರಾಸರಿ ಎಷ್ಟು ಹೊತ್ತು ಚಿತ್ರ ನೋಡುತ್ತಾರೆ ಎಂದು ಮಾರ್ಚ್ ಕೊನೆಯವರೆಗೆ ಅಳೆಯಬೇಕು. ಮೂರು ನಿಮಿಷಕ್ಕಿಂತ ಕಡಿಮೆ ಬಂದ ಕೋಣೆಯನ್ನು ಮುಚ್ಚಿ ಚಿತ್ರಗಳನ್ನು ಉಗ್ರಾಣಕ್ಕೆ ಇಳಿಸಬೇಕು. ಕೋಣೆ ಮುಚ್ಚಿದರೆ ಅದರ ಬಾಗಿಲ ಬಳಿಯ ಕುರ್ಚಿಯೂ ಹೋಗುತ್ತದೆ, ಕುರ್ಚಿಯ ಮೇಲೆ ಕೂತು ಕೋಣೆ ಕಾಯುವ ಹೆಂಗಸೂ ಹೋಗುತ್ತಾಳೆ. ಅಳೆಯುವುದಕ್ಕೆಂದು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡದ್ದು ವೆಸೆಲಿನ್‌ನನ್ನು. ವಯಸ್ಸು ಇಪ್ಪತ್ತಾರು, ಕಲಾ ಇತಿಹಾಸದಲ್ಲಿ ಪದವಿ. ಹೆಸರಿನ ಅರ್ಥ ಉಲ್ಲಾಸಿ ಎಂದಾದರೂ ಅವನು ನಕ್ಕದ್ದನ್ನು ಕಂಡವರು ಊರಲ್ಲಿ ಕಡಿಮೆ.

ಮೊದಲ ದಿನವೇ ಡೈರೆಕ್ಟರ್ ಪೌನೋವಾ ಮೇಡಂ ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಿದ್ದರು.

"ನೋಡಪ್ಪಾ, ಐದನೇ ಕೋಣೆ ಹೇಗೂ ನಿಲ್ಲೋದಿಲ್ಲ. ಅಲ್ಲಿ ಯಾರೂ ಒಂದು ನಿಮಿಷ ಕೂಡ ನಿಲ್ಲಲ್ಲ. ಅದು ಮುಚ್ಚಿದ್ರೆ ಆ ಸಂಬಳದಲ್ಲಿ ಕೆಳಗಿನ ದಾಖಲೆ ಕೋಣೆಗೆ ಒಬ್ಬನ್ನ ಖಾಯಂ ಮಾಡ್ಕೋಬಹುದು. ಆ ಒಬ್ಬ ನೀನೇ ಅಂತ ಇಟ್ಕೋ. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬೇಡ."

ಬಾಯಿ ಬಿಡಬೇಡ ಎಂದು ವೆಸೆಲಿನ್‌ಗೆ ಹೇಳುವುದು ಮೀನಿಗೆ ನೀರಲ್ಲಿ ಮುಳುಗಿ ಸಾಯಬೇಡ ಎಂದ ಹಾಗೆ. ಅವನು ತಲೆ ತಗ್ಗಿಸಿ ಹೊರಗೆ ಬಂದ. ನೇರ ನೆಲಮಾಳಿಗೆಗೆ ಇಳಿದು ದಾಖಲೆ ಕೋಣೆಯ ಬಾಗಿಲು ತೆರೆದು ನೋಡಿದ. ಒಂದು ಮೇಜು, ಒಂದು ದೀಪ, ಗೋಡೆಯುದ್ದಕ್ಕೂ ಹಳೆಯ ದಾಖಲೆ ಪುಸ್ತಕಗಳು. ಕಿಟಕಿಯಲ್ಲಿ ಹೋಗಿ ಬರುವವರ ಬೂಟುಗಳು ಮಾತ್ರ ಕಾಣುತ್ತಿದ್ದವು, ಮುಖಗಳಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಅವನು ಬದುಕಿನಲ್ಲಿ ಬಯಸಿದವನಲ್ಲ.

ಅಳೆಯುವ ಕೆಲಸ ಅವನಿಗೆ ಜನರ ಬಗ್ಗೆ ಕಲಿಸಿದ್ದನ್ನು ಅವನ ಓದು ಕಲಿಸಿರಲಿಲ್ಲ. ಕೆಲವರು ಚಿತ್ರದ ಪಕ್ಕದ ಚೀಟಿಯನ್ನು ಮಾತ್ರ ಓದುತ್ತಿದ್ದರು. ಹೆಸರು, ಇಸವಿ, ಉದ್ದ ಅಗಲ ಎಲ್ಲ ಓದಿ, ಚಿತ್ರದ ಕಡೆ ಒಮ್ಮೆ ಪೊಲೀಸನ ಹಾಗೆ ಕಣ್ಣು ಹಾಯಿಸಿ, ಸರಿ ಇದೆ ಎಂಬಂತೆ ಮುಂದಿನ ಚೀಟಿಗೆ ಹೋಗುತ್ತಿದ್ದರು. ಹೊಸದಾಗಿ ಮದುವೆಯಾದವರು ಚಿತ್ರಕ್ಕೆ ಬೆನ್ನು ಹಾಕಿ ನಿಂತು ತಮ್ಮದೇ ಫೋಟೋ ತೆಗೆದುಕೊಳ್ಳುತ್ತಿದ್ದರು. ಬೆನ್ನು ನೋಡಿದ ಸೆಕೆಂಡುಗಳನ್ನು ಎಲ್ಲಿ ಬರೆಯುವುದು? ಒಬ್ಬ ಹೆಂಗಸು ಪ್ರತಿ ಮಂಗಳವಾರ ಎರಡನೇ ಕೋಣೆಗೆ ಬಂದು ಒಬ್ಬ ವ್ಯಾಪಾರಿಯ ಭಾವಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದಳು. ವೆಸೆಲಿನ್ ಅವಳನ್ನು ಮನಸ್ಸಿನಲ್ಲೇ ಗೌರವಿಸತೊಡಗಿದ್ದ. ಒಂದು ದಿನ ಅವಳು ತಾನಾಗಿಯೇ ಹೇಳಿದಳು: "ನನ್ನ ಮೊದಲನೇ ಗಂಡ ಥೇಟ್ ಹೀಗೇ ಇದ್ದ. ಇಲ್ಲಿ ಬೈದ್ರೆ ತಿರುಗಿ ಮಾತಾಡಲ್ಲ ನೋಡಿ."

ನಿವೃತ್ತ ಇಂಜಿನಿಯರ್ ಕ್ರುಮ್ ಬರುತ್ತಿದ್ದದ್ದು ಗುರುವಾರ, ಪಿಂಚಣಿದಾರರಿಗೆ ಟಿಕೆಟ್ ಇಲ್ಲದ ದಿನ. ಸೇತುವೆ ಕಟ್ಟಿದ ಮನುಷ್ಯ. ಅವನಿಗೆ ಚಿತ್ರಗಳು ಕಾಣುತ್ತಿರಲಿಲ್ಲ, ಚೌಕಟ್ಟುಗಳು ಕಾಣುತ್ತಿದ್ದವು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಹಿಡಿದು, "ಎಡಗಡೆ ಎರಡು ಮಿಲಿಮೀಟರ್ ಇಳಿದಿದೆ" ಎಂದು ಪ್ರತಿ ಕೋಣೆಯಲ್ಲೂ ದೂರು ಕೊಟ್ಟು ಹೋಗುತ್ತಿದ್ದ.

ಐದನೇ ಕೋಣೆಯಲ್ಲಿ ಮಾತ್ರ ಎಲ್ಲ ಜಾತಿಯವರೂ ಒಂದೇ ಆಗಿಬಿಡುತ್ತಿದ್ದರು. ಆ ಕೋಣೆಯ ಆಚೆ ಬಾಗಿಲಲ್ಲಿ ಶೌಚಾಲಯವಿತ್ತು.

ಅಲ್ಲಿ ಗೋಡೆಗೆ ಇದ್ದದ್ದು ಊರಿನ ಹಳೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ಬಿಡಿಸಿದ ಹೊಳೆಯ ಆರು ಚಿತ್ರಗಳು. ಬಾಗಿಲ ಬಳಿ ಕೋಣೆ ಕಾಯುವ ದೋನ್ಕಾ ಚಿಕ್ಕಮ್ಮನ ಕುರ್ಚಿ. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ, ಅದೇ ನೀಲಿ ಮೇಲಂಗಿ, ಕೈಯಲ್ಲಿ ಹೆಣಿಗೆ. ಕಿಟಕಿಯ ಪಕ್ಕ ಕುಂಡದಲ್ಲಿ ಅವಳೇ ನೆಟ್ಟು ಬೆಳೆಸಿದ ರಬ್ಬರ್ ಗಿಡ ಸೂರು ಮುಟ್ಟಿ ಬಾಗಿತ್ತು. ಗಂಡ ಸತ್ತು, ಮನೆಯ ಮೌನ ಕಿವಿಗೆ ಬಡಿದು, ಅವಳು ರಜೆಯ ದಿನವೂ ಕೋಣೆಗೆ ಬಂದು ಗಿಡಕ್ಕೆ ನೀರು ಹಾಕುತ್ತಿದ್ದಳು. ಅವಳಿಗೆ ಆ ಮೌನ ಸೇರುತ್ತಿರಲಿಲ್ಲ. ವೆಸೆಲಿನ್‌ಗೆ ಅದನ್ನು ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಆದ್ದರಿಂದ ಅವಳು ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ.

"ಎಷ್ಟು ಬಂತೋ ಮಗಾ ಇವತ್ತು?"

"ಐವತ್ತೆರಡು ಸೆಕೆಂಡು."

"ಅದ್ರಲ್ಲಿ ಬಾತ್‌ರೂಮಿಗೆ ಕ್ಯೂ ನಿಂತಿದ್ದೆಷ್ಟು?"

"ಮೂವತ್ತು."

"ಹಾಗಾದ್ರೆ ಒಂದು ಕೆಲಸ ಮಾಡು. ಬಾತ್‌ರೂಮಿಗೆ ಬೀಗ ಹಾಕಿಸು. ಕಾಯ್ತಾ ಕಾಯ್ತಾ ಹೊಳೆ ನೋಡ್ತಾರೆ, ಹೊಳೆ ನೋಡಿ ಇನ್ನೂ ಅರ್ಜೆಂಟಾಗತ್ತೆ, ಒಳ್ಳೆ ಸರಾಸರಿ ಬರತ್ತೆ." ಅವಳೇ ನಕ್ಕು, ಆಮೇಲೆ ಹೆಣಿಗೆಯ ಕಡೆ ನೋಡುತ್ತ ಹೇಳಿದಳು, "ಮನೇಲಿ ಕೂತು ಏನ್ ಮಾಡ್ಲಿ ಹೇಳು. ಗೋಡೆ ನೋಡ್ಬೇಕಷ್ಟೆ. ಅಲ್ಲಿ ಒಂದು ಚಿತ್ರಾನೂ ಇಲ್ಲ."

ವೆಸೆಲಿನ್ ಐವತ್ತೆರಡು ಎಂದು ಹಾಳೆಯಲ್ಲಿ ಬರೆದುಕೊಂಡ. ಅವನ ಕಣ್ಣ ಮುಂದೆ ನೆಲಮಾಳಿಗೆಯ ಮೇಜು ಬಂದು ನಿಂತಿತ್ತು.

ಮಾರ್ಚ್ ಒಂದರಂದು, ವಸಂತದ ಹಬ್ಬಕ್ಕೆ, ವರ್ಷವೆಲ್ಲ ಆರೋಗ್ಯವಿರಲಿ ಎಂದು ಊರಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೆಂಪು ಬಿಳಿ ದಾರ ಕಟ್ಟಿದರು. ದೋನ್ಕಾ ಚಿಕ್ಕಮ್ಮ ವೆಸೆಲಿನ್‌ನ ಕೈ ಎಳೆದು ತಾನೇ ಹೊಸೆದ ದಾರ ಬಿಗಿದಳು. ಚಳಿ ಮುಗಿದು ದಕ್ಷಿಣದಿಂದ ಮರಳುವ ಮೊದಲ ಕೊಕ್ಕರೆ ಕಣ್ಣಿಗೆ ಬೀಳುವ ತನಕ, ಇಲ್ಲವೇ ಮೊದಲ ಮರ ಹೂ ಬಿಡುವ ತನಕ, ಆ ದಾರವನ್ನು ಬಿಚ್ಚುವಂತಿಲ್ಲ. ಕಂಡ ದಿನ ಬಿಚ್ಚಿ, ಏನಾದರೂ ಬೇಡಿಕೊಂಡು, ಗಿಡಕ್ಕೆ ಕಟ್ಟಬೇಕು. ಹಾರುವ ಕೊಕ್ಕರೆ ಕಂಡರೆ ವರ್ಷವೆಲ್ಲ ಚುರುಕು. ನಿಂತದ್ದು ಕಂಡರೆ ವರ್ಷವೆಲ್ಲ ಸೋಮಾರಿತನ.

ಆ ವರ್ಷ ಹೊತ್ತಿಗೆ ಸರಿಯಾಗಿ ಕೊಕ್ಕರೆಯೂ ಬರಲಿಲ್ಲ, ಹೂವೂ ಬರಲಿಲ್ಲ. ಮಾರ್ಚ್ ಹದಿನೈದಕ್ಕೆ ಮತ್ತೆ ಹಿಮ ಬಿತ್ತು. ಪಾತ್ರೆ ತೊಳೆದು, ಬಟ್ಟೆ ಒಗೆದು ಹೆಂಗಸರ ಕೈಯ ದಾರಗಳು ಬೂದು ಬಣ್ಣಕ್ಕೆ ತಿರುಗಿದವು. ಮಾರುಕಟ್ಟೆಯಲ್ಲಿ ಕಾಣಿಸಿದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಕಂಡ್ತಾ?" ಉತ್ತರ, "ಎಲ್ಲಿ ಕಾಣತ್ತೆ!"

ಹದಿನೇಳಕ್ಕೆ, ಬೇಕರಿಯ ಮಿತ್ರಾ ಶೌಚಾಲಯ ಹುಡುಕಿಕೊಂಡು ಐದನೇ ಕೋಣೆಗೆ ಬಂದವಳು ಮೂರನೇ ಚಿತ್ರದ ಎದುರು ಗಕ್ಕನೆ ನಿಂತಳು. ಜೌಗು ನೆಲ, ಒಣ ಹುಲ್ಲು, ಮೇಲೆ ರೆಕ್ಕೆ ಬಿಚ್ಚಿ ಹಾರುವ ಉದ್ದ ಕಾಲಿನ ಒಂದು ಹಕ್ಕಿ. ಚೀಟಿಯಲ್ಲಿ ಇದ್ದದ್ದು 'ನದೀತೀರ' ಎಂದಷ್ಟೇ.

"ದೋನ್ಕಾ! ಇದು ಕೊಕ್ಕರೆ ಅಲ್ವೇನೇ?"

"ಇನ್ನೇನು ನಿನ್ನ ಬೇಕರಿ ಕೋಳಿಯೇ?"

"ಬರೆದಿರೋ ಕೊಕ್ಕರೆ ಲೆಕ್ಕಕ್ಕೆ ಬರತ್ತಾ?"

ದೋನ್ಕಾ ಚಿಕ್ಕಮ್ಮ ಹೆಣಿಗೆ ಕೆಳಗಿಟ್ಟಳು. ಅಷ್ಟು ವರ್ಷದಲ್ಲಿ ಅವಳ ಕೋಣೆಯ ಚಿತ್ರದ ಬಗ್ಗೆ ಒಬ್ಬರು ಕೇಳಿದ ಮೊದಲ ಪ್ರಶ್ನೆ ಅದು. "ಕಣ್ಣಿಗೆ ಕಂಡ್ತೋ ಇಲ್ವೋ? ಹಾರ್ತಾ ಇದೆಯೋ ಇಲ್ವೋ? ಮತ್ತೇನು? ಆದ್ರೆ ಚೌಕಟ್ಟು ಮುಟ್ಟಿದ್ರೆ ಕೈ ಮುರೀತೀನಿ. ದಾರ ಇಲ್ಲಿ ಕಟ್ಟು." ಹಾಗೆಂದು ರಬ್ಬರ್ ಗಿಡ ತೋರಿಸಿದಳು.

ಬೇಕರಿಗೆ ತಿಳಿದದ್ದು ಊರಿಗೆ ತಿಳಿಯದೆ ಇರುತ್ತದೆಯೇ! ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಹದಿನಾಲ್ಕು ಜನ. ಅಂಚೆಯವರು, ದಾದಿಯರು, ಜೀವನದಲ್ಲಿ ಚಿತ್ರಶಾಲೆಯ ಬಾಗಿಲು ತಳ್ಳಬೇಕೋ ಎಳೆಯಬೇಕೋ ಗೊತ್ತಿಲ್ಲದ ಮೀನುಗಾರರು. ಎಲ್ಲರೂ ಮೊದಲ ನಾಲ್ಕು ಕೋಣೆಗಳನ್ನು ಬಸ್ ನಿಲ್ದಾಣ ದಾಟಿದ ಹಾಗೆ ದಾಟಿ ಐದಕ್ಕೆ ಬರುತ್ತಿದ್ದರು. ಬಂದವರು ನಿಲ್ಲುತ್ತಿದ್ದರು. ವರ್ಷದ ಆರೋಗ್ಯದ ಪ್ರಶ್ನೆ. ಕಂಡೂ ಕಾಣದ ಹಾಗೆ ಕಂಡರೆ ಆಗುತ್ತದೆಯೇ? ರೆಕ್ಕೆ ನೋಡುತ್ತಿದ್ದರು, ಕಾಲು ನೋಡುತ್ತಿದ್ದರು, ಹಕ್ಕಿಯ ಕೆಳಗಿನ ನೀರು ನೋಡಿ, "ಇದು ನಮ್ಮ ಹಳೇ ದೋಣಿಕಟ್ಟೆ ಹತ್ತಿರದ ತಿರುವು ಕಣೋ" ಎನ್ನುತ್ತಿದ್ದರು. ಒಬ್ಬ ಮೀನುಗಾರ ಹುಲ್ಲಿನ ಬಣ್ಣ ನೋಡಿ, ಇದು ಮಾರ್ಚ್ ಅಲ್ಲ, ಫೆಬ್ರವರಿ ಕೊನೆ ಎಂದು ವಾದಿಸಿದ. ವೆಸೆಲಿನ್ ನಾಲ್ಕು ವರ್ಷ ಓದಿದ್ದರೂ ಹುಲ್ಲು ನೋಡಿ ತಿಂಗಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

ಸರಾಸರಿ ಆರು ನಿಮಿಷ ನಲವತ್ತು ಸೆಕೆಂಡಿಗೆ ಏರಿತು. ರಬ್ಬರ್ ಗಿಡ ಮದುಮಗಳ ಹಾಗೆ ಕಾಣತೊಡಗಿತು. ದೋನ್ಕಾ ಚಿಕ್ಕಮ್ಮ ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಮಾತಾಡಿ ಮಾತಾಡಿ ಗಂಟಲು ಕಟ್ಟಿಕೊಂಡಳು.

ಗುರುವಾರ ಕ್ರುಮ್ ಬಂದ. ಒಂದು ಕಣ್ಣು ಮುಚ್ಚಿದ. ಹೆಬ್ಬೆರಳು ಎತ್ತಿದ.

"ಕುತ್ತಿಗೆ ಬಾಗಿದೆ," ಎಂದ.

"ನಿನಗೆ ಎಲ್ಲಾ ಬಾಗಿಯೇ ಕಾಣತ್ತೆ. ನಿನ್ನ ಸೇತುವೆ ಒಂದು ಬಿಟ್ಟು," ಎಂದಳು ದೋನ್ಕಾ ಚಿಕ್ಕಮ್ಮ.

"ಸೇತುವೆ ಸುದ್ದಿಗೆ ಬರಬೇಡ. ಕೊಕ್ಕರೆ ಹಾರುವಾಗ ಕುತ್ತಿಗೆ ಕೋಲಿನ ಹಾಗೆ ನೇರ ಇರತ್ತೆ. ಇದು ಮಡಚಿಕೊಂಡಿದೆ."

"ಚಳಿ ಇತ್ತು ಕಣಯ್ಯ, ಮಡಚಿಕೊಳ್ತು. ನೀನು ಮಫ್ಲರ್ ಸುತ್ಕೊಂಡಿಲ್ವಾ?"

ಕೋಣೆ ತುಂಬ ನಗು. ವೆಸೆಲಿನ್ ಮಾತ್ರ ಸದ್ದಿಲ್ಲದೆ ನೆಲಮಾಳಿಗೆಗೆ ಇಳಿದ. ಹಳೆಯ ದಾಖಲೆ ಪುಸ್ತಕದಲ್ಲಿ ಹುಡುಕಲು ಅವನಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಚಿತ್ರದ ಸಂಖ್ಯೆಯ ಎದುರು ಡ್ರಾಯಿಂಗ್ ಮೇಷ್ಟ್ರ ಕೈಬರಹದಲ್ಲೇ ಇತ್ತು: 'ಜೌಗಿನ ಮೇಲೆ ಬಕಪಕ್ಷಿ. ತೈಲವರ್ಣ. 1931.'

ಬಕ. ಕೊಕ್ಕರೆಯ ಹಾಗೆಯೇ ಕಾಣುವ, ಆದರೆ ಕುತ್ತಿಗೆ ಮಡಚಿ ಹಾರುವ ಬೇರೆಯೇ ಹಕ್ಕಿ, ಊರು ಕಾಯುತ್ತಿದ್ದ ಕೊಕ್ಕರೆಯಲ್ಲ. ಅವನು ಪುಸ್ತಕ ಮುಚ್ಚಿ ಮೇಜಿನ ಮುಂದೆ ಕೂತ. ಮೇಜು ಗಟ್ಟಿಯಾಗಿತ್ತು, ಕುರ್ಚಿ ಕಿರುಗುಟ್ಟುತ್ತಿರಲಿಲ್ಲ. ಒಂದು ಮಾತು ಹೇಳಿದರೆ ಸಾಕು. ಮಾರುಕಟ್ಟೆಗೆ ಸುದ್ದಿ ತಲುಪುತ್ತದೆ, ಜನ ಬರುವುದು ನಿಲ್ಲುತ್ತದೆ, ಮೂಢನಂಬಿಕೆಯ ಆರು ನಿಮಿಷಗಳನ್ನು ಇಲಾಖೆ ಲೆಕ್ಕದಿಂದ ತೆಗೆಯುತ್ತದೆ, ಮೇಜು ಅವನದಾಗುತ್ತದೆ. ಹೇಳಬೇಕಾದದ್ದು ಸುಳ್ಳೂ ಅಲ್ಲ, ಓದಿದವನ ಕರ್ತವ್ಯ. ಅದೇ ಅವನನ್ನು ಕೊರೆಯುತ್ತಿದ್ದದ್ದು. ಸತ್ಯದಿಂದ ನಷ್ಟವಾಗುವ ಹಾಗಿದ್ದರೆ ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದ. ಲಾಭವಾಗುವ ಸತ್ಯವನ್ನು ಹೇಳುವುದು ಹೇಗೆ ಎಂದು ಯಾವ ಅಧ್ಯಾಪಕರೂ ಅವನಿಗೆ ಕಲಿಸಿರಲಿಲ್ಲ.

ಇಪ್ಪತ್ತಾರಕ್ಕೆ ಸೋಫಿಯಾದಿಂದ ಅಧಿಕಾರಿ ತೆರ್ಝಿಯೆವ್ ಬಂದರು. ಎತ್ತರದ, ದಪ್ಪ, ಗಂಭೀರ ಮನುಷ್ಯ. ಅಂಗಿಯ ತೋಳನ್ನು ಮತ್ತೆ ಮತ್ತೆ ಮಣಿಕಟ್ಟಿನ ತನಕ ಎಳೆದುಕೊಳ್ಳುತ್ತಿದ್ದರು. ಪೌನೋವಾ ಮೇಡಂ ಒಂದು ಹೆಜ್ಜೆ ಹಿಂದೆ ನಡೆಯುತ್ತ, "ಇದೇನೋ ತಾತ್ಕಾಲಿಕ ಸರ್, ಹಳ್ಳಿ ಜನ, ಹಬ್ಬದ ಗದ್ದಲ" ಎನ್ನುತ್ತಿದ್ದರು. ಐದನೇ ಕೋಣೆಯಲ್ಲಿ ಅಂದು ಮೂವತ್ತು ಜನ ಇದ್ದರು. ಅಧಿಕಾರಿ ಬಂದಿದ್ದಾರೆ ಎಂದರೆ ನಮ್ಮ ಊರಿನಲ್ಲಿ ನಗುವವರೂ ಬಾಯಿ ಮುಚ್ಚುತ್ತಾರೆ. ಕ್ರುಮ್ ಒಬ್ಬನೇ ಮುಂದೆ ಬಂದ.

"ಸ್ವಾಮೀ, ಒಂದು ತಾಂತ್ರಿಕ ಆಕ್ಷೇಪಣೆ ಇದೆ. ಇದು ಕೊಕ್ಕರೆ ಆಗೋಕೆ ಸಾಧ್ಯವಿಲ್ಲ. ಕುತ್ತಿಗೆ ನೋಡಿ."

"ಇವನ ಮಾತು ಕೇಳಬೇಡಿ ಸಾಹೇಬ್ರೇ," ದೋನ್ಕಾ ಚಿಕ್ಕಮ್ಮ ಕುರ್ಚಿಯಿಂದ ಎದ್ದಳು. ಅವಳ ಧ್ವನಿ ಎಂದಿನಂತಿರಲಿಲ್ಲ. "ಇವನು ಹುಟ್ಟಿದಾಗ ತೊಟ್ಟಿಲು ವಾರೆ ಇದೆ ಅಂತ ಅತ್ತವನು."

ತೆರ್ಝಿಯೆವ್ ನಗಲಿಲ್ಲ. ಚಿತ್ರ ನೋಡಿದರು, ಗಿಡ ನೋಡಿದರು. "ಯಾರಾದ್ರೂ ಓದಿದವರು ಇದ್ದಾರಾ ಇಲ್ಲಿ?"

ಪೌನೋವಾ ಮೇಡಂ ವೆಸೆಲಿನ್‌ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು. "ಇವನು ಪದವೀಧರ ಸರ್. ಹೇಳಪ್ಪಾ, ಹೆದರಬೇಡ. ಇರೋದನ್ನ ಹೇಳು."

"ಹೇಳಿ," ಎಂದರು ತೆರ್ಝಿಯೆವ್. "ಇದು ಕೊಕ್ಕರೆ ಹೌದೋ ಅಲ್ವೋ?"

ವೆಸೆಲಿನ್ ಮೇಡಂ ಮುಖ ನೋಡಲಾರದೆ, ದೋನ್ಕಾ ಚಿಕ್ಕಮ್ಮನ ಮುಖ ನೋಡಲಾರದೆ, ಬೇರೆ ದಾರಿ ಕಾಣದೆ ಚಿತ್ರದ ಕಡೆ ತಿರುಗಿದ. ಅಲ್ಲ ಎಂದು ಹೇಳಬೇಕು. ಹೇಳುವ ಮೊದಲು ಒಮ್ಮೆ ನೋಡೋಣ ಎಂದುಕೊಂಡ. ಮೂರು ತಿಂಗಳಿಂದ ಆ ಚಿತ್ರ ನೋಡುವವರನ್ನು ನೋಡಿದ್ದನೇ ಹೊರತು ಚಿತ್ರವನ್ನು ನೋಡಿರಲಿಲ್ಲ. ಹುಲ್ಲು ನಿಜವಾಗಿ ಫೆಬ್ರವರಿಯದೇ. ತುದಿ ಒಣಗಿ, ಬುಡದಲ್ಲಿ ಸ್ವಲ್ಪವೇ ಹಸಿರು. ನೀರಿನಲ್ಲಿ ಹಕ್ಕಿಯ ನೆರಳು ಇತ್ತು, ಆದರೆ ಹಕ್ಕಿಗಿಂತ ಸ್ವಲ್ಪ ಹಿಂದೆ, ಅದು ಹೋಗಿಬಿಟ್ಟಿದ್ದು ನೀರಿಗೆ ಇನ್ನೂ ಗೊತ್ತಾಗಿಲ್ಲ ಎಂಬ ಹಾಗೆ. ಡ್ರಾಯಿಂಗ್ ಮೇಷ್ಟ್ರು ತಪ್ಪು ಮಾಡಿದ್ದರೋ, ಬೇಕೆಂದೇ ಮಾಡಿದ್ದರೋ? ದಡದಲ್ಲಿ ಯಾರೋ ಕೂತು ಎದ್ದು ಹೋದ ಗುರುತಿನ ಹಾಗೆ ಹುಲ್ಲು ಮಲಗಿತ್ತು. ಯಾರು ಕೂತಿದ್ದರು?

ಯಾರೋ ಕೆಮ್ಮಿದರು, ಪಕ್ಕದವರು ಅವರನ್ನು ಚಿವುಟಿದರು. ವೆಸೆಲಿನ್‌ನ ಕೈಯ ಗಡಿಯಾರ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಕೊನೆಗೆ ತೆರ್ಝಿಯೆವ್ ಬಗ್ಗಿ ಆ ಗಡಿಯಾರ ನೋಡಿದರು. ಅವರು ಪೌನೋವಾ ಮೇಡಂ ಅವರ ಕಿವಿಯಲ್ಲಿ ಪಿಸುಗುಟ್ಟಿದರೂ ಅದು ಕೋಣೆಗೆಲ್ಲ ಕೇಳಿಸಿತು.

"ನಾಲ್ಕೂವರೆ ನಿಮಿಷ. ಮೇಡಂ, ನನ್ನ ಇಪ್ಪತ್ತು ವರ್ಷದ ನೌಕರೀಲಿ ಚಿತ್ರಶಾಲೆಯ ನೌಕರನೊಬ್ಬ ಚಿತ್ರ ನೋಡಿದ್ದನ್ನ ಇದೇ ಮೊದಲು ನೋಡ್ತಿರೋದು. ಆ ಹುಡುಗನ್ನ ಎಬ್ಬಿಸಬೇಡಿ. ನನಗೆ ಉತ್ತರ ಸಿಕ್ಕಿತು."

ಆಮೇಲೆ ಆ ದೊಡ್ಡ ಮನುಷ್ಯ ಅತ್ತ ಇತ್ತ ನೋಡಿ, ಅಂಗಿಯ ತೋಳು ಮೇಲೆತ್ತಿದರು. ಮಣಿಕಟ್ಟಿನಲ್ಲಿ ಕೆಂಪು ಬಿಳಿ ದಾರ, ಅದರ ತುದಿಯಲ್ಲಿ ಎರಡು ಉಣ್ಣೆ ಗೊಂಬೆ, ಒಂದಕ್ಕೆ ಕಣ್ಣೇ ಇಲ್ಲ.

"ಮಗಳು ಮಾಡಿದ್ದು," ಎಂದರು. ಮುಖ ಕೆಂಪಾಗಿತ್ತು. "ಕೊಕ್ಕರೆ ಕಾಣೋಕೆ ಮುಂಚೆ ಬಿಚ್ಚಿದ್ರೆ ಮಾತಾಡಿಸಲ್ಲ ಅಂದಿದ್ದಾಳೆ. ಇಪ್ಪತ್ತಾರು ದಿನದಿಂದ ಮಂತ್ರಿಗಳ ಮುಂದೆ ಕೈ ಮುಚ್ಚಿಕೊಂಡು ಕೂತಿದೀನಿ."

"ಅಯ್ಯೋ ನನ್ನಪ್ಪಾ, ಕೊಡಿ ಕೈ," ಎಂದು ದೋನ್ಕಾ ಚಿಕ್ಕಮ್ಮ ಗಂಟು ಬಿಚ್ಚಿದಳು. ಗಿಡದ ಕೆಳಗಿನ ಕೊಂಬೆಗಳಲ್ಲಿ ಜಾಗವಿರಲಿಲ್ಲ. ಅಧಿಕಾರಿ ಎತ್ತರದವರಾದ್ದರಿಂದ ಸೂರಿನ ಹತ್ತಿರದ ಎಲೆಯ ತೊಟ್ಟಿಗೆ ಕಟ್ಟಿದರು. ಕಟ್ಟಿದ ಮೇಲೆ ಕ್ರುಮ್, "ಎಡಕ್ಕೆ ವಾಲಿದೆ" ಎಂದ. ಯಾರೂ ಅವನ ಕಡೆ ತಿರುಗಲಿಲ್ಲ.

ಐದನೇ ಕೋಣೆ ಉಳಿಯಿತು. ಆದೇಶ ಬಂದ ದಿನ ಪೌನೋವಾ ಮೇಡಂ ವೆಸೆಲಿನ್‌ನನ್ನು ಕರೆದು, "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆಯಲ್ಲೋ. ಅಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?" ಎಂದರು. ಅವನು ತಲೆ ತಗ್ಗಿಸಿ ಹೊರಗೆ ಬಂದ.

ಮಾರ್ಚ್ ಮೂವತ್ತೊಂದು ಅವನ ಕೊನೆಯ ದಿನ. ಎರಡು ದಿನದ ಹಿಂದೆ ನಿಜವಾದ ಕೊಕ್ಕರೆಗಳು ಬಂದು ಕಂದಾಯ ಕಚೇರಿಯ ಚಿಮಣಿಯ ಮೇಲೆ ಇಳಿದಿದ್ದವು. ಐದನೇ ಕೋಣೆ ಬಣಗುಟ್ಟುತ್ತಿತ್ತು. ಫೆಬ್ರವರಿ ಎಂದು ವಾದಿಸಿದ ಮೀನುಗಾರ ಮಾತ್ರ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ, ದಾರವಿಲ್ಲದ ಕೈ. ದೋನ್ಕಾ ಚಿಕ್ಕಮ್ಮ ಕಾಗದದಲ್ಲಿ ಸುತ್ತಿದ್ದ ಚೀಸ್ ರೊಟ್ಟಿ ಬಿಚ್ಚಿ ಅರ್ಧ ವೆಸೆಲಿನ್‌ನ ಕೈಗಿಟ್ಟಳು. ಇನ್ನೂ ಬಿಸಿಯಿತ್ತು.

"ತಿನ್ನು. ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡ. ನಿನಗೆ ಹೇಳೋದೂ ಬಾವಿಗೆ ಹೇಳೋದೂ ಒಂದೇ ಬಿಡು." ಮೀನುಗಾರನಿಗೆ ಕೇಳದ ಹಾಗೆ ಬಗ್ಗಿದಳು. "ಅದು ಬಕ ಕಣೋ. ನಾನು ಹುಟ್ಟಿದ್ದು ಜೌಗಿನ ಪಕ್ಕದಲ್ಲಿ. ನಮ್ಮಪ್ಪನ ಬಲೆಯಿಂದ ಮೀನು ಕದೀತಿದ್ದದ್ದು ಇವೇ ಮುಂಡೇವು. ಮೂವತ್ತೊಂದು ವರ್ಷ ಎದುರಿಗೆ ಕೂತು ನೋಡಿದ್ದೀನಿ, ನನಗೆ ಗೊತ್ತಾಗಲ್ವಾ?"

ವೆಸೆಲಿನ್ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ.

"ನಿನಗೂ ಗೊತ್ತಿತ್ತು," ಎಂದಳು ಅವಳು. "ಮುಖ ನೋಡಿದ್ರೆ ತಿಳಿಯಲ್ವಾ! ಮತ್ಯಾಕೆ ಸುಮ್ನಿದ್ದೆ?"

"ನೋಡ್ತಾ ಇದ್ದೆ," ಎಂದ.

"ನೋಡ್ತಾ ಇದ್ದನಂತೆ." ಅವಳು ನಕ್ಕು, ಕಣ್ಣು ಒರೆಸಿಕೊಂಡು, ಹೆಣಿಗೆ ಎತ್ತಿಕೊಂಡಳು. "ಮುಂದೆ ಎಲ್ಲಿ ಕೆಲಸ?"

"ಹುಡುಕಬೇಕು."

"ನಿನ್ನಂಥ ಮೂಕನಿಗೆ ಆ ಕೆಳಗಿನ ದಾಖಲೆ ಕೋಣೆ ಹೇಳಿ ಮಾಡಿಸಿದ ಹಾಗಿತ್ತು. ಒಂದು ಸಲ ಬಾಯಿ ಬಿಟ್ಟು ಕೇಳಿದ್ದಿದ್ರೆ ಡೈರೆಕ್ಟರ್ ಮೇಡಂ ಕೊಡ್ತಿದ್ರೋ ಏನೋ. ಕೇಳ್ದೆ ಇದ್ರೆ ಯಾರು ಕೊಡ್ತಾರೆ? ನಿಮ್ಮ ಓದಿದವರ ಹಣೆಬರಹವೇ ಇಷ್ಟು."

ವೆಸೆಲಿನ್ ಉಳಿದ ರೊಟ್ಟಿ ತಿಂದ. ಮೂಲೆಯಲ್ಲಿ ಮೀನುಗಾರ ಇನ್ನೂ ನಿಂತೇ ಇದ್ದ. ಅವನು ಎಷ್ಟು ಹೊತ್ತಿನಿಂದ ನಿಂತಿದ್ದಾನೆ ಎಂದು ಆ ದಿನ ಯಾರೂ ಬರೆದುಕೊಳ್ಳಲಿಲ್ಲ.

ಆ ಮೇಜು ತನಗೆ ಸಿಗಲಿದ್ದದ್ದು ಅವಳ ಕುರ್ಚಿ ಹೋದರೆ ಮಾತ್ರ ಎಂಬುದನ್ನು ವೆಸೆಲಿನ್ ದೋನ್ಕಾ ಚಿಕ್ಕಮ್ಮನಿಗೆ ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.